ಕಾವಲು ಉಳಿಯದೆ ಗೋರಕ್ಷೆ ಉಳಿದೀತೆ?

ಜೀವದಯೆಯ ಹೆಸರಿನಲ್ಲಿ ಜೈನ ಸಮಾಜ ಮಾಡುವ ದಾನ ಅಲ್ಪವಲ್ಲ. ಮಹಾವೀರ ಜಯಂತಿ, ಪರ್ಯೂಷಣ, ದಶಲಕ್ಷಣ ಪರ್ವಗಳು ಬಂದರೆ ಗೋಶಾಲೆಗಳಿಗೆ ಹಣ, ಹಿಂಡಿ, ಒಣಹುಲ್ಲು ಹರಿದುಬರುತ್ತವೆ. ಆದರೆ ದಾನದ ಮೊತ್ತವನ್ನು ಫಲಕದಲ್ಲಿ ಕೆತ್ತಿಸುವವರು, ಆ ದಾನವನ್ನು ಉಣ್ಣುವ ಪ್ರಾಣಿ ಎಂಥದು, ಅದರ ಸ್ವಭಾವಕ್ಕೆ ಬೇಕಾದುದೇನು ಎಂದು ವಿಚಾರಿಸುವುದು ವಿರಳ. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಈ ಉದಾಸೀನತೆ ಅಕ್ಷಮ್ಯ. ಏಕೆಂದರೆ ಅಮೃತಮಹಲ್ ಗೋವಿನ ನೆಲೆ ಇದು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಿಂದ ನಡೆದುಬಂದ ಗೋಸಮೂಹಕ್ಕೆ ‘ಅಮೃತಮಹಲ್’ ಎಂಬ ಹೆಸರನ್ನಿತ್ತವನು ಟಿಪ್ಪು ಸುಲ್ತಾನ. ಆ ವೇಳೆಗೆ ಇದರ ಎತ್ತುಗಳು ಸೈನ್ಯದ ಫಿರಂಗಿಗಳನ್ನು ಎಳೆಯುತ್ತಿದ್ದವು. 1799ರ ನಂತರ ಹಿಂಡುಗಳು ಬ್ರಿಟಿಷರ ವಶವಾದವು. 1860ರಲ್ಲಿ ಖರ್ಚು ಉಳಿಸಲೆಂದು ಅವುಗಳನ್ನು ಮಾರಿದ ಸರ್ಕಾರವೇ 1866ರಲ್ಲಿ ಮತ್ತೆ ಅವನ್ನು ಕಟ್ಟಿ ಬೆಳೆಸಬೇಕಾಯಿತು. ಕ್ಷಣಿಕ ಲೆಕ್ಕಾಚಾರದಿಂದ ಕಳೆದುಕೊಂಡುದನ್ನು ಮರಳಿ ಪಡೆಯುವ ಕಷ್ಟಕ್ಕೆ ಇದೊಂದು ಪಾಠ. ಅಜ್ಜಂಪುರದ ಸರ್ಕಾರಿ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಈ ತಳಿಯನ್ನು ಪೋಷಿಸುತ್ತಿದೆ.

ಈ ಗೋವಿನ ಲಕ್ಷಣಗಳು ಸುಪರಿಚಿತ: ಬೂದು ಮೈಬಣ್ಣ, ನೀಳವಾದ ಮುಖ, ನೆತ್ತಿಯ ಮೇಲೆ ಒಂದಕ್ಕೊಂದು ಸಮೀಪವಾಗಿ ಹುಟ್ಟಿ ಹಿಂದಕ್ಕೆ ಬಾಗಿ ಚೂಪಾದ ಉದ್ದನೆಯ ಕೊಂಬುಗಳು, ಗಟ್ಟಿಯಾದ ಗೊರಸು, ದಣಿವರಿಯದ ನಡಿಗೆ. ಹಾಲು ಬಹಳ ಕಡಿಮೆ. ಇರುವುದು ಕರುವಿಗೇ ಸಲ್ಲಬೇಕಾದಷ್ಟು. ಬಯಲಿನಲ್ಲಿ ಹಿಂಡಾಗಿ ಬೆಳೆದ ಇದರ ಸ್ವಭಾವ ತೀಕ್ಷ್ಣ; ಅಪರಿಚಿತರು ಬಳಿ ಸಾರಿದರೆ ಕೆರಳುತ್ತದೆ. ಇದರ ಪಾಲನೆಯ ಕ್ರಮವೂ ಅದಕ್ಕೆ ತಕ್ಕುದಾಗಿಯೇ ಇತ್ತು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಹುಲ್ಲುಗಾವಲುಗಳನ್ನು ವಿಂಗಡಿಸಿ, ಹುಲ್ಲು ನೀರನ್ನು ನೋಡಿ ಹಿಂಡನ್ನು ನಡೆಸುತ್ತಿದ್ದರು. ಅಂದರೆ ಈ ಗೋವಿನ ಕೊಟ್ಟಿಗೆಯೆಂದರೆ ಕಾವಲೇ.

ಆ ಕಾವಲಿನ ಗತಿಯೇನಾಯಿತು? ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲುಗಳಲ್ಲಿ ಇಂದು ಉಳಿದಿರುವುದು ಅಲ್ಪಾಂಶ. ಬೇಸಾಯಕ್ಕೆ, ನಿವೇಶನಕ್ಕೆ, ನೆಡುತೋಪಿಗೆ, ಒತ್ತುವರಿಗೆ ಅವು ಕರಗಿದವು. ಚಳ್ಳಕೆರೆಯಲ್ಲಿ 2007ರಿಂದೀಚೆಗೆ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ್ದರಿಂದ ಅಲ್ಲಿ ಕೃಷ್ಣಮೃಗಕ್ಕೂ ತೋಳಕ್ಕೂ ಆಶ್ರಯ ಉಳಿದಿದೆ. ಒಂದು ಕಾವಲು ಉಳಿದರೆ ಗೋವಿನೊಡನೆ ಎಷ್ಟು ಜೀವಗಳು ಉಳಿಯುತ್ತವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾವಲು ಅಳಿಯುತ್ತಿರುವಾಗ ದಾನಿಗಳು ಕಟ್ಟಿಸುತ್ತಿರುವುದೇನು? ಕಾಂಕ್ರೀಟು ನೆಲದ ಕೊಟ್ಟಿಗೆ, ತಗಡಿನ ಮಾಡು, ಮೊಳದುದ್ದದ ಹಗ್ಗ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರ ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಅಂದರೆ ಪ್ರಾಣಿಯನ್ನು ಕಟ್ಟಿಹಾಕುವುದು. ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೊರಿಸುವುದು, ಅನ್ನಪಾನವನ್ನು ತಡೆಯುವುದು ಅನಂತರ ಬರುತ್ತವೆ. ಕಟುಕನ ಕತ್ತಿಯಲ್ಲಿ ಮಾತ್ರ ಹಿಂಸೆಯನ್ನು ಕಂಡು, ಕೈಯಲ್ಲಿರುವ ಹಗ್ಗದಲ್ಲಿ ಕಾಣದಿರುವುದು ಶ್ರಾವಕಧರ್ಮವಾಗದು. ಬಯಲಿನ ಪ್ರಾಣಿಯನ್ನು ಜೀವಮಾನವಿಡೀ ಗೂಟಕ್ಕೆ ಬಿಗಿದು ಬೆಲ್ಲ ತಿನ್ನಿಸುವುದು ದಯೆಯಲ್ಲ, ದಾತನ ಆತ್ಮತೃಪ್ತಿ.

‘ಹಾಲಿಲ್ಲದ ತಳಿ ಏತಕ್ಕೆ?’ ಎಂಬ ವ್ಯವಹಾರದ ಮಾತಿಗೆ ಜೈನನ ಬಳಿ ಉತ್ತರ ಸಿದ್ಧವಿದೆ: ಉಪಯೋಗವನ್ನು ಅಳೆದು ತೋರುವ ದಯೆ ವ್ಯಾಪಾರವೇ ಹೊರತು ಧರ್ಮವಲ್ಲ. ಇದಕ್ಕೆ ವಿರುದ್ಧವಾದ ಇನ್ನೊಂದು ಮಾತು ಹೆಚ್ಚು ಮೋಹಕ: ‘ಇದು ರಾಜರ ತಳಿ, ಶುದ್ಧ ತಳಿ, ನಮ್ಮ ಬಸದಿಯ ಗೋಶಾಲೆಯಲ್ಲಿ ಒಂದು ಜೋಡಿ ಇರಲಿ.’ ಕುಲಮದ, ಜಾತಿಮದಗಳನ್ನು ತ್ಯಜಿಸಬೇಕೆಂದು ಕೇಳಿ ಬೆಳೆದವರು ಅವನ್ನು ಗೋವಿನ ಮೇಲೆ ಹೊರಿಸುವುದು ವಿಪರ್ಯಾಸ. ಈ ತಳಿಯನ್ನು ರೂಪಿಸಿದುದು ಅರಮನೆಯ ಭೋಗ ಮತ್ತು ಸೈನ್ಯದ ಅಗತ್ಯ. ಅದರಲ್ಲಿ ಧರ್ಮಕ್ಕೆ ಹೆಮ್ಮೆಪಡುವಂಥದೇನಿಲ್ಲ. ಅಮೃತಮಹಲ್ ರಕ್ಷಣೆಗೆ ಅರ್ಹವಾಗಿರುವುದು ವಂಶಾವಳಿಯಿಂದಲ್ಲ. ಅದಕ್ಕೂ ನೋವಿದೆ, ಭಯವಿದೆ, ತನ್ನ ಸ್ವಭಾವದಂತೆ ಬಾಳುವ ಬಯಕೆಯಿದೆ ಎಂಬುದರಿಂದ.

ಆದುದರಿಂದ ಬಸದಿ ಮತ್ತು ಮಂದಿರಗಳ ಟ್ರಸ್ಟುಗಳು ಜೀವದಯಾ ನಿಧಿಯ ದಿಕ್ಕನ್ನು ಬದಲಿಸಬೇಕು. ಮೇಯಲು ನೆಲವಿಲ್ಲದೆ ಹೊಸ ಗೋಶಾಲೆಗೆ ಶಂಕುಸ್ಥಾಪನೆ ಬೇಡ. ಪಶುಪಾಲನಾ ಇಲಾಖೆಯ ಒಪ್ಪಿಗೆ ಪಡೆದು ಕಾವಲುಗಳ ಗೋಕಟ್ಟೆಗಳ ಹೂಳೆತ್ತಿಸಲಿ. ಬೇಸಗೆಯ ಮೇವಿಗೆ ನೆರವಾಗಲಿ. ಒತ್ತುವರಿಯ ವಿರುದ್ಧ ಕಾನೂನಿನ ಹೋರಾಟ ನಡೆಸುವ ಗ್ರಾಮಸ್ಥರ ಖರ್ಚಿನಲ್ಲಿ ಪಾಲು ವಹಿಸಲಿ. ದುಡಿದು ಮುದಿಯಾದ ಜೋಡಿಯನ್ನು ಮಾರದೆ ಮನೆಯಲ್ಲೇ ಸಾಕುವ ಬಡ ರೈತನಿಗೆ ಪ್ರತಿ ತಿಂಗಳು ಮೇವಿನ ಸಹಾಯ ಸಲ್ಲಲಿ. ಸಂತೆಯಲ್ಲಿ ಬಿಡಿಸಿಕೊಂಡು ತಂದು ಕಟ್ಟಿಹಾಕುವುದಕ್ಕಿಂತ, ಸಂತೆಗೆ ಹೋಗದಂತೆ ತಡೆಯುವುದು ಮೇಲು. ಇದಾವುದಕ್ಕೂ ಅಮೃತಶಿಲೆಯ ಫಲಕ ಹಾಕಲು ಗೋಡೆ ಸಿಗದಿರಬಹುದು. ಆ ಕೊರತೆಯನ್ನು ಅಪರಿಗ್ರಹದ ಅಭ್ಯಾಸವೆಂದು ಭಾವಿಸಬಹುದು.

ಪ್ರಥಮ ತೀರ್ಥಂಕರ ಆದಿನಾಥರ ಲಾಂಛನ ವೃಷಭ. ಪೀಠದ ಮೇಲೆ ಕೆತ್ತಿದ ವೃಷಭಕ್ಕೆ ಕೈಮುಗಿದು, ಹೊರಗಿನ ವೃಷಭದ ಹುಲ್ಲು ಮಾಯವಾಗುವುದನ್ನು ಸುಮ್ಮನೆ ನೋಡುವ ಸಮಾಜ, ತನ್ನ ಪೂಜೆಯ ಅರ್ಥವನ್ನು ತಾನೇ ಪರೀಕ್ಷಿಸಿಕೊಳ್ಳಬೇಕು.