ಉಪಗ್ರಹದ ಪಾಠ ಕಲಬುರಗಿಯ ಹಳ್ಳಿಯಿಂದ ಶುರುವಾಗಲಿ

ಭಾರತದ ಮೊದಲ ಉಪಗ್ರಹ ಯಾವುದು ಎಂದು ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಕೇಳಿ, ಹುಮನಾಬಾದಿನಲ್ಲಿ ಕೇಳಿ, ‘ಆರ್ಯಭಟ’ ಎಂಬ ಉತ್ತರ ತಟ್ಟನೆ ಬರುತ್ತದೆ. 1975ರ ಏಪ್ರಿಲ್ 19 ಎಂಬ ತಾರೀಕೂ ಬಾಯಿಪಾಠ. ಒಂದು ಅಂಕ ಸಿಕ್ಕಿತು, ಪಾಠ ಮುಗಿಯಿತು. ಅದೇ ವರ್ಷ ಪಕ್ಕದ ಕಲಬುರಗಿಯ ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಬಂದಿತ್ತು ಎಂಬುದು ಎಷ್ಟು ಮಕ್ಕಳಿಗೆ ಗೊತ್ತು?

‘ಸೈಟ್’ ಎಂದು ಕರೆಯುತ್ತಿದ್ದ ಆ ಪ್ರಯೋಗ ನಡೆದದ್ದು 1975ರ ಆಗಸ್ಟ್ 1ರಿಂದ ಸರಿಯಾಗಿ ಒಂದು ವರ್ಷ. ಅಮೆರಿಕದ ನಾಸಾದಿಂದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದ ಇಸ್ರೊ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿತು. ಕರ್ನಾಟಕದಲ್ಲಿ ಆ ಯೋಗ ಒಲಿದದ್ದು ಗುಲ್ಬರ್ಗ (ಈಗಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ ಒಕ್ಕಲುತನ, ಆರೋಗ್ಯ, ಅದೂ ಕನ್ನಡದಲ್ಲಿ. ಪ್ರಯೋಗ ಮುಗಿದ ಮೇಲೆ 1977ರಲ್ಲೇ ಗುಲ್ಬರ್ಗಕ್ಕೆ ದೂರದರ್ಶನ ಬಂತು. ಬೆಂಗಳೂರು 1981ರವರೆಗೆ ಕಾಯಬೇಕಾಯಿತು! ಎಲ್ಲವೂ ಬೆಂಗಳೂರಿಗೇ ಮೊದಲು ಎಂದು ಗೊಣಗುವ ಈ ಭಾಗದ ಜನ ಇದೊಂದನ್ನಾದರೂ ಹೇಳಿಕೊಂಡು ಮೆರೆಯಬಹುದಿತ್ತು.

ಆ ಹಳ್ಳಿಗಳಲ್ಲಿ ಸಂಕೇತ ಹಿಡಿಯುತ್ತಿದ್ದದ್ದು ಸುಮಾರು ಹತ್ತು ಅಡಿ ಅಗಲದ ಡಿಶ್. ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವಂಥ ತಂತಿ ಜಾಲರಿ. ತೂತು ತೂತಾದ ಜಾಲರಿಯಲ್ಲಿ ಸಂಕೇತ ಸೋರಿಹೋಗುವುದಿಲ್ಲವೇ? ಇಲ್ಲಿದೆ ಒಂಬತ್ತನೇ ತರಗತಿಯ ಲೆಕ್ಕ. ಪ್ರಸಾರ ಆಗುತ್ತಿದ್ದದ್ದು 860 ಮೆಗಾಹರ್ಟ್ಸ್‌ನಲ್ಲಿ. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ತರಂಗದೂರ ಸುಮಾರು 35 ಸೆಂಟಿಮೀಟರ್. ಒಂದೆರಡು ಸೆಂಟಿಮೀಟರಿನ ತೂತುಗಳು ಆ ತರಂಗದ ಲೆಕ್ಕಕ್ಕೇ ಇಲ್ಲ, ಜಾಲರಿ ಅದಕ್ಕೆ ಗಟ್ಟಿ ತಗಡೇ. ಸೂತ್ರ ಪುಸ್ತಕದಲ್ಲಿದೆ, ಜಾಲರಿ ಹಾರ್ಡ್‌ವೇರ್ ಅಂಗಡಿಯಲ್ಲಿದೆ. ಎರಡನ್ನೂ ಕೂಡಿಸಿ ತೋರಿಸುವ ಮೇಷ್ಟ್ರು ಬೇಕು.

ಆರ್ಯಭಟನ ಕಥೆಯೂ ಹೀಗೇ ಹೇಳಬೇಕಾದದ್ದು. ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ನೇತೃತ್ವದಲ್ಲಿ ಅದನ್ನು ಕಟ್ಟಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. 26 ಮುಖದ, ಸುಮಾರು 360 ಕಿಲೋ ತೂಕದ ಯಂತ್ರ ಸೋವಿಯತ್ ರಾಕೆಟ್ ಏರಿ ಕಕ್ಷೆ ಸೇರಿತು. ಐದನೇ ದಿನಕ್ಕೆ ವೈಜ್ಞಾನಿಕ ಉಪಕರಣಗಳಿಗೆ ವಿದ್ಯುತ್ ಕೈಕೊಟ್ಟಿತು. ಈ ಸಂಗತಿಯನ್ನು ಪಾಠದಲ್ಲಿ ಮುಚ್ಚಿಡುವುದೇಕೆ? ಎಲ್ಲಿ ಕೆಟ್ಟಿತು, ಉಳಿದ ಭಾಗ ಹೇಗೆ ಕೆಲಸ ಮಾಡಿತು ಎಂಬುದೇ ಎಂಜಿನಿಯರಿಂಗ್. ಬಸವಕಲ್ಯಾಣದ ಆಟೋ ನಗರದಲ್ಲಿ ಲಾರಿ ರಿಪೇರಿ ನೋಡುತ್ತ ಬೆಳೆದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥದ್ದೇ ಇನ್ನೊಂದು ಪಾಠ: 1981ರಲ್ಲಿ ಹಾರಿದ ‘ಆಪಲ್’ ಉಪಗ್ರಹ ಎತ್ತಿನ ಗಾಡಿಯ ಮೇಲೆ ಕೂತ ಫೋಟೊ ಇಂದಿಗೂ ಮೊಬೈಲುಗಳಲ್ಲಿ ಓಡಾಡುತ್ತದೆ, ಬಡತನದ ಸಂಕೇತ ಎಂಬ ಒಕ್ಕಣೆಯೊಂದಿಗೆ. ಅಸಲು ಕಾರಣವೇ ಬೇರೆ. ಆಂಟೆನಾ ಪರೀಕ್ಷೆಗೆ ಲೋಹದ ಗೊಡವೆ ಇಲ್ಲದ ಆಸರೆ ಬೇಕಿತ್ತು, ಮರದ ಗಾಡಿ ಅದಕ್ಕೆ ಒದಗಿತು.

ಈಗ ಹುಮನಾಬಾದಿನಿಂದ ಕಲಬುರಗಿಗೆ ರೈಲಿದೆ. ಅಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಪ್ರವಾಸಕ್ಕೆಂದು ಮಕ್ಕಳನ್ನು ಮೈಸೂರಿನ ತನಕ ಕರೆದೊಯ್ಯುವ ಶಾಲೆಗಳು ಒಂದು ದಿನ ಇತ್ತ ಹೊರಟರೆ ಖರ್ಚೂ ಕಡಿಮೆ. ಜತೆಗೆ ಸೈಟ್ ಟಿವಿ ಇದ್ದ ಹಳ್ಳಿಯೊಂದಕ್ಕೂ ಹೋಗಿಬರಲಿ. 1975ರಲ್ಲಿ ನೆಲದ ಮೇಲೆ ಕೂತು ಆ ಟಿವಿ ನೋಡಿದ ಹತ್ತು ವರ್ಷದ ಮಕ್ಕಳಿಗೆ ಈಗ ಅರವತ್ತರ ಆಸುಪಾಸು. ಅವರು ಏನು ನೋಡಿದರು, ಏನು ನೆನಪಿದೆ ಎಂದು ಮಕ್ಕಳೇ ಕೇಳಿ ಬರೆದುಕೊಳ್ಳಲಿ. ಇಲ್ಲಿನ ಎಷ್ಟೋ ಮನೆಗಳಿಗೆ ಕಲಬುರಗಿ ಕಡೆ ಬೀಗತನವಿದೆ, ಊರು ಹುಡುಕುವುದು ಕಷ್ಟವಾಗಲಾರದು. ಆ ಬರಹಕ್ಕೆ ಪ್ರಾಜೆಕ್ಟ್ ಅಂಕ ಕೊಡಲು ಮುಖ್ಯೋಪಾಧ್ಯಾಯರು ಮನಸ್ಸು ಮಾಡಿದರೆ ಸಾಕು, ಈ ವರ್ಷವೇ ಶುರು ಮಾಡಬಹುದು.