ಹಾರುವ ಟ್ಯಾಕ್ಸಿ ಬರುವ ಮುನ್ನ ಬಸ್ಸಿಗೊಂದು ದಾರಿ

ಪ್ರತಿವರ್ಷ ಜನವರಿಯಲ್ಲಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ಎಲೆಕ್ಟ್ರಾನಿಕ್ ಸಾಧನಗಳ ಬೃಹತ್ ಪ್ರದರ್ಶನವೊಂದು ನಡೆಯುತ್ತದೆ. ನಾಳೆಯ ಬದುಕಿನ ಮುನ್ನೋಟವೆಂಬಂತೆ ಜಗತ್ತಿನ ಮಾಧ್ಯಮಗಳು ಅದನ್ನು ವರದಿ ಮಾಡುತ್ತವೆ. 2019ರಲ್ಲಿ ಹ್ಯುಂಡೈ ಕಂಪೆನಿಯು ಚಕ್ರಗಳ ಜೊತೆಗೆ ಕಾಲುಗಳನ್ನೂ ಉಳ್ಳ, ನಡೆದು ಹೋಗಬಲ್ಲ ಕಾರಿನ ಕಲ್ಪನೆಯನ್ನು ಅಲ್ಲಿ ಮುಂದಿಟ್ಟಿತು. 2020ರಲ್ಲಿ ಅದೇ ಕಂಪೆನಿ ಊಬರ್ ಜೊತೆಗೂಡಿ ಹಾರುವ ಟ್ಯಾಕ್ಸಿಯ ಮಾದರಿಯೊಂದನ್ನು ಪ್ರದರ್ಶಿಸಿತು. 2022ರಲ್ಲಿ ಬಿಎಂಡಬ್ಲ್ಯು, ಗೋಸುಂಬೆಯಂತೆ ಮೈಬಣ್ಣ ಬದಲಿಸುವ ಕಾರನ್ನು ತಂದು ನಿಲ್ಲಿಸಿತು.

ಇವೆಲ್ಲ ನೋಡುವುದಕ್ಕೆ ಮುದ ನೀಡುತ್ತವೆ. ಖಾಸಗಿ ಕಂಪೆನಿಯೊಂದು ತನ್ನ ಬಂಡವಾಳದಿಂದ ಇಂಥ ಪ್ರಯೋಗ ನಡೆಸಿದರೆ ಯಾರೂ ಆಕ್ಷೇಪಿಸಬೇಕಾದದ್ದಿಲ್ಲ. ಬಹುಪಾಲು ಪ್ರಯೋಗಗಳು ಸೋತರೂ ಗೆದ್ದ ಒಂದೆರಡು ನಮ್ಮ ಬದುಕನ್ನು ಬದಲಿಸಬಹುದು. ಸಮಸ್ಯೆ ತಲೆದೋರುವುದು, ಪ್ರದರ್ಶನದ ಅಂಗಳದಲ್ಲಿದ್ದ ವಾಹನವು ಸರ್ಕಾರದ ಸಭಾಂಗಣಕ್ಕೆ ಬಂದು ನಗರ ಸಾರಿಗೆಯ ಪರಿಹಾರವೆಂಬ ವೇಷ ತೊಟ್ಟಾಗ. ಮೂರು ದಶಕಗಳಿಗೂ ಮೀರಿದ ಸೇವಾವಧಿಯಲ್ಲಿ ಅಂಥ ಪ್ರಾತ್ಯಕ್ಷಿಕೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಪರದೆಯ ಮೇಲೆ ವಾಹನ ಸದ್ದಿಲ್ಲದೆ ತೇಲಿ ಹೋಗುತ್ತದೆ. ರಸ್ತೆಗಳು ಖಾಲಿ, ಆಕಾಶ ನೀಲಿ, ಪ್ರಯಾಣಿಕರೆಲ್ಲ ನಗುಮುಖದವರು. ಗಂಟೆಗೆ ಎಷ್ಟು ಜನರನ್ನು, ಯಾವ ದರದಲ್ಲಿ ಇದು ಒಯ್ಯುತ್ತದೆ ಎಂಬ ಪ್ರಶ್ನೆಗೆ ಮಾತ್ರ ಅಲ್ಲಿ ಉತ್ತರ ಸಿಗುವುದು ಅಪರೂಪ.

ಈ ವಿಷಯದಲ್ಲಿ ಸೆಗ್‌ವೇ ಎಂಬ ವಾಹನದ ಚರಿತ್ರೆ ಬೋಧಪ್ರದವಾಗಿದೆ. ಎರಡು ಚಕ್ರಗಳ ನಡುವೆ ನಿಂತು, ಮೈಯನ್ನು ಮುಂದಕ್ಕೆ ಬಾಗಿಸಿದರೆ ಸಾಗುವ, ಹಿಂದಕ್ಕೆ ವಾಲಿಸಿದರೆ ನಿಲ್ಲುವ ಈ ಯಂತ್ರವನ್ನು ಅಮೆರಿಕದ ಡೀನ್ ಕೇಮನ್ 2001ರ ಡಿಸೆಂಬರಿನಲ್ಲಿ ಅನಾವರಣಗೊಳಿಸಿದರು. ನಗರಗಳ ಸ್ವರೂಪವನ್ನೇ ಇದು ಬದಲಿಸುತ್ತದೆಂದು ನಂಬಿದವರಲ್ಲಿ ಹೆಸರಾಂತ ಹೂಡಿಕೆದಾರರೂ ಇದ್ದರು. ಒಂದು ವರ್ಷ ಕಳೆಯುವುದರೊಳಗೆ ವಾರಕ್ಕೆ 10,000 ಯಂತ್ರಗಳನ್ನು ತಯಾರಿಸುವ ನಿರೀಕ್ಷೆ ಕೇಮನ್ ಅವರಿಗಿತ್ತು. ಆದದ್ದೇ ಬೇರೆ. 2020ರಲ್ಲಿ ತಯಾರಿಕೆ ನಿಂತಾಗ, ಸುಮಾರು ಎರಡು ದಶಕಗಳಲ್ಲಿ ಮಾರಾಟವಾಗಿದ್ದು ಒಟ್ಟು 1,40,000ದಷ್ಟು ಮಾತ್ರ. ತಂತ್ರಜ್ಞಾನದಲ್ಲಿ ಕೊರತೆ ಇರಲಿಲ್ಲ. ತಾನಾಗಿ ಸಮತೋಲನ ಕಾಯ್ದುಕೊಳ್ಳುವ ಅದರ ವ್ಯವಸ್ಥೆ ನಿಜಕ್ಕೂ ಅದ್ಭುತ. ಆದರೆ ಸುಮಾರು 5,000 ಡಾಲರ್ ತೆತ್ತು ಕೊಂಡವನಿಗೆ ಅದನ್ನು ಓಡಿಸಲು ಜಾಗವಿರಲಿಲ್ಲ. ಕಾರುಗಳ ನಡುವೆ ರಸ್ತೆಯಲ್ಲಿ ಅದು ತೀರ ನಿಧಾನ, ಪಾದಚಾರಿ ಮಾರ್ಗದಲ್ಲಿ ತೀರ ವೇಗ. ಸ್ಯಾನ್ ಫ್ರಾನ್ಸಿಸ್ಕೊ ನಗರವು 2002ರಲ್ಲೇ ಅದನ್ನು ಪಾದಚಾರಿ ಮಾರ್ಗಗಳಿಂದ ನಿಷೇಧಿಸಿತು. ವಾಹನವೊಂದರ ಭವಿಷ್ಯವನ್ನು ಅದರ ಎಂಜಿನ್ ಒಂದೇ ನಿರ್ಧರಿಸುವುದಿಲ್ಲ. ರಸ್ತೆಯಲ್ಲಿ ಅದಕ್ಕೆ ದೊರೆಯುವ ಸ್ಥಾನ, ಕಾನೂನಿನಲ್ಲಿ ಅದಕ್ಕಿರುವ ವ್ಯಾಖ್ಯೆ, ಕೊಳ್ಳುವವನ ಕಿಸೆ ಇವು ಕೂಡಿ ನಿರ್ಧರಿಸುತ್ತವೆ.

ಸೆಗ್‌ವೇ ಸೋಲಿನ ಹೊರೆ ಬಹುಮಟ್ಟಿಗೆ ಹೂಡಿಕೆದಾರರ ಮೇಲೆ ಬಿತ್ತು. ಹೈಪರ್‌ಲೂಪ್ ಕಥೆ ಬೆಂಗಳೂರಿನ ಬಾಗಿಲಿಗೂ ಬಂದದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ಗಾಳಿಯನ್ನು ಬಹುಪಾಲು ಹೊರತೆಗೆದ ಕೊಳವೆಯೊಳಗೆ ಪ್ರಯಾಣಿಕರ ಕೋಶಗಳನ್ನು ವಿಮಾನಕ್ಕೂ ಮಿಗಿಲಾದ ವೇಗದಲ್ಲಿ ಓಡಿಸಬಹುದೆಂಬ ಪ್ರಸ್ತಾವವನ್ನು ಎಲಾನ್ ಮಸ್ಕ್ 2013ರ ಆಗಸ್ಟಿನಲ್ಲಿ ಪ್ರಕಟಿಸಿದರು. ಲಾಸ್ ಏಂಜಲೀಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 35 ನಿಮಿಷ ಎಂಬುದು ಅದರ ಆಕರ್ಷಣೆ. ಆ ಪ್ರಸ್ತಾವದಲ್ಲೇ ಇನ್ನೊಂದು ಲೆಕ್ಕವೂ ಇತ್ತು. ಒಂದು ಕೋಶದಲ್ಲಿ 28 ಜನ; ಸರಾಸರಿ 2 ನಿಮಿಷಕ್ಕೊಂದು ಕೋಶ. ಅಂದರೆ ಒಂದು ದಿಕ್ಕಿನಲ್ಲಿ ಗಂಟೆಗೆ 840 ಜನ. ನಮ್ಮ ಮೆಟ್ರೊದ 6 ಬೋಗಿಗಳ ಒಂದು ರೈಲು ಒಂದೇ ಬಾರಿಗೆ ಸುಮಾರು 2,000 ಜನರನ್ನು ಒಯ್ಯಬಲ್ಲದು. ಅತಿ ದಟ್ಟಣೆಯ ವೇಳೆಯಲ್ಲಿ ಅರ್ಧ ನಿಮಿಷಕ್ಕೊಂದು ಕೋಶ ಹೊರಟರೂ ಗಂಟೆಗೆ 3,360 ಜನರಷ್ಟೇ ಆಗುತ್ತದೆ. 60 ಜನರನ್ನು ಹೊತ್ತ ಬಸ್ಸು ನಿಮಿಷಕ್ಕೊಂದರಂತೆ ಹೊರಟರೆ 3,600 ಜನರನ್ನು ಸಾಗಿಸುತ್ತದೆ. ನೂರಾರು ಕಿಲೋಮೀಟರ್ ದೂರದ ಪ್ರಯಾಣದಲ್ಲಿ ವೇಗಕ್ಕೆ ಬೆಲೆಯಿದೆ, ನಿಜ. ಆದರೆ ನಗರದೊಳಗಿನ ಸಂಚಾರಕ್ಕೆ ಬೇಕಾದದ್ದು ಸಾಮರ್ಥ್ಯ. ಈ ಗುಣಾಕಾರಕ್ಕೆ ಅರ್ಥಶಾಸ್ತ್ರದ ಪದವಿಯ ಅಗತ್ಯವೂ ಇಲ್ಲ.

ಆದರೂ 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣ ಸಂಸ್ಥೆಯು ವರ್ಜಿನ್ ಹೈಪರ್‌ಲೂಪ್ ಕಂಪೆನಿಯೊಡನೆ ಕಾರ್ಯಸಾಧ್ಯತಾ ಅಧ್ಯಯನದ ಒಡಂಬಡಿಕೆಗೆ ಸಹಿ ಹಾಕಿತು. ವಿಮಾನ ನಿಲ್ದಾಣದಿಂದ ನಗರ ಕೇಂದ್ರಕ್ಕೆ 10 ನಿಮಿಷಗಳಲ್ಲಿ ತಲುಪಬಹುದೆಂಬ ಸುದ್ದಿ ಮುಖಪುಟಗಳಲ್ಲಿ ರಾರಾಜಿಸಿತು. ಅಷ್ಟು ಹೊತ್ತಿಗೆ ಆ ಕಂಪೆನಿಯ ವಾಹನದಲ್ಲಿ ಒಬ್ಬನೇ ಒಬ್ಬ ಮನುಷ್ಯನೂ ಪಯಣಿಸಿರಲಿಲ್ಲ. ಎರಡು ತಿಂಗಳ ಬಳಿಕ ಅಮೆರಿಕದ ನೆವಾಡ ಮರುಭೂಮಿಯಲ್ಲಿ, 500 ಮೀಟರ್ ಉದ್ದದ ಕೊಳವೆಯಲ್ಲಿ ಕಂಪೆನಿಯ ಇಬ್ಬರು ಸಿಬ್ಬಂದಿ ಗಂಟೆಗೆ 172 ಕಿಲೋಮೀಟರ್ ವೇಗ ಮುಟ್ಟಿದರು. 2022ರಲ್ಲಿ ಕಂಪೆನಿಯು ಅರ್ಧದಷ್ಟು ನೌಕರರನ್ನು ಮನೆಗೆ ಕಳುಹಿಸಿ, ಪ್ರಯಾಣಿಕರ ಯೋಚನೆ ಕೈಬಿಟ್ಟು ಸರಕು ಸಾಗಣೆಯ ಮಾತಾಡಿತು. 2023ರ ಅಂತ್ಯಕ್ಕೆ ಬಾಗಿಲು ಮುಚ್ಚಿತು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿದಂತಾಯಿತು.

ಒಡಂಬಡಿಕೆಯೆಂದರೆ ಒಂದು ಕಾಗದವಷ್ಟೆ, ಅದರಿಂದ ಬೊಕ್ಕಸಕ್ಕೆ ನಷ್ಟವೇನಾಯಿತು ಎಂದು ಕೇಳುವವರಿದ್ದಾರೆ. ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂಬ ಪರಿಕಲ್ಪನೆಯಿದೆ. ಒಂದನ್ನು ಆರಿಸಿಕೊಂಡಾಗ ನಾವು ಕೈಬಿಟ್ಟ ಇನ್ನೊಂದರ ಮೌಲ್ಯವೇ ಆ ವೆಚ್ಚ. ಆಡಳಿತದಲ್ಲಿ ಹಣಕ್ಕಿಂತ ದುರ್ಲಭವಾದದ್ದು ಹಿರಿಯ ಅಧಿಕಾರಿಗಳ ಹಾಗೂ ಸಚಿವರ ಗಮನ. ಹತ್ತು ನಿಮಿಷದ ಕನಸು ಮೇಜಿನ ಮೇಲಿರುವಾಗ, ಬಸ್ಸಿನ ವೇಳಾಪಟ್ಟಿಯ ಕಡತವನ್ನು ತೆರೆಯುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ. ‘ಅಧ್ಯಯನ ನಡೆಯುತ್ತಿದೆ’ ಎಂಬುದು ಸದನದಲ್ಲಿ ಪ್ರಶ್ನೆ ಎದುರಿಸುವವರಿಗೆ ಎಷ್ಟು ಅನುಕೂಲಕರವಾದ ಉತ್ತರವೆಂಬುದನ್ನು, ಅಂಥ ಉತ್ತರಗಳ ಕರಡು ಸಿದ್ಧಪಡಿಸಿದ ನನ್ನಂಥವರು ಬಲ್ಲೆವು.

ಕೈಬಿಟ್ಟದ್ದು ಯಾವುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಯಲಹಂಕದಿಂದ ದೇವನಹಳ್ಳಿಯ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ಹಳಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಹಾದುಹೋಗುತ್ತದೆ. ನಿಲ್ದಾಣಕ್ಕಿಂತ ಬಹಳ ಹಿಂದಿನದು ಅದು. ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ್ದು 2008ರ ಮೇ ತಿಂಗಳಲ್ಲಿ. ಆ ಹಳಿಯ ಮೇಲೆ ರೈಲು ನಿಲ್ಲಲು ಒಂದು ಪುಟ್ಟ ತಂಗುನಿಲ್ದಾಣ ಬರಲು 2021ರ ಜನವರಿಯವರೆಗೆ ಕಾಯಬೇಕಾಯಿತು. ಬಂದ ಮೇಲೂ ಅಲ್ಲಿ ನಿಲ್ಲುವ ರೈಲುಗಳು ಬೆರಳೆಣಿಕೆಯವು. ಉಪನಗರ ರೈಲಿನ ಮಾತು ಬೆಂಗಳೂರಿನಲ್ಲಿ ಕೇಳಿಬಂದದ್ದು 1980ರ ದಶಕದಲ್ಲಿ. 148 ಕಿಲೋಮೀಟರಿನ ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು, ಹೈಪರ್‌ಲೂಪ್ ಒಡಂಬಡಿಕೆಯ ಮರುತಿಂಗಳು, 2020ರ ಅಕ್ಟೋಬರಿನಲ್ಲಿ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ 40 ತಿಂಗಳ ಗಡುವಿನ ಮಾತು ಬಂತು. 2025ರ ಅಕ್ಟೋಬರಿಗೆ ಆ ಗಡುವು ಕಳೆದಾಗ ಒಂದು ರೈಲೂ ಓಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ನಮ್ಮ ಹಳೆಯ ರೋಗ ಇದು.

ಆ ರೋಗಕ್ಕೆ ಬೆಂಗಳೂರಿನ ಮತ್ತೊಂದು ನಿದರ್ಶನ ರೇವಾ ಕಾರು. ಚೇತನ್ ಮೈನಿ ಅವರ ಸಂಸ್ಥೆ 2001ರಲ್ಲಿ, ಎಂದರೆ ಸೆಗ್‌ವೇ ಅನಾವರಣಗೊಂಡ ವರ್ಷದಲ್ಲೇ, ಈ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದಿತು. ಆಟಿಕೆಯಂತಿದೆ ಎಂದು ನಕ್ಕವರೇ ಹೆಚ್ಚು. ಅದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ ಬೀದಿಗಳಲ್ಲಿ ಪರಿಚಿತ ದೃಶ್ಯವಾಯಿತು. ಅಲ್ಲಿನ ಆಡಳಿತ 2003ರಲ್ಲಿ ನಗರ ಕೇಂದ್ರವನ್ನು ಪ್ರವೇಶಿಸುವ ವಾಹನಗಳಿಗೆ ದಿನಕ್ಕೆ 5 ಪೌಂಡ್ ದಟ್ಟಣೆ ಶುಲ್ಕ ವಿಧಿಸಿ, ವಿದ್ಯುತ್ ವಾಹನಗಳಿಗೆ ವಿನಾಯಿತಿ ನೀಡಿತ್ತು. ಕಾರು ಒಂದೇ, ಅದನ್ನು ಲಂಡನ್ನಿನಲ್ಲಿ ಲಾಭದಾಯಕವಾಗಿಸಿದ್ದು ಒಂದು ಸರ್ಕಾರಿ ನಿಯಮ. ಅದರ ಸುರಕ್ಷತೆಯ ಬಗ್ಗೆ ಅಲ್ಲಿ ಕಟು ಟೀಕೆಗಳೂ ಬಂದವೆಂಬುದನ್ನು ಮರೆಯಬಾರದು. ಆದರೆ ತವರೂರಿನಲ್ಲಿ ಅದಕ್ಕೆ ಅಂಥ ಉತ್ತೇಜನ ದೊರೆಯಲಿಲ್ಲ. 2010ರಲ್ಲಿ ಕಂಪೆನಿಯ ಬಹುಪಾಲು ಒಡೆತನ ಮಹೀಂದ್ರಾ ಕೈಗೆ ಹೋಯಿತು.

ಇದಕ್ಕೆ ವ್ಯತಿರಿಕ್ತವಾಗಿ, ಯಾವ ಪ್ರದರ್ಶನದಲ್ಲೂ ಕಾಣಿಸಿಕೊಳ್ಳದ ವಾಹನವೊಂದು ನಮ್ಮ ಕಣ್ಣೆದುರೇ ಉತ್ತರ ಭಾರತವನ್ನು ವ್ಯಾಪಿಸಿತು. ಬ್ಯಾಟರಿಯ ಇ-ರಿಕ್ಷಾವನ್ನು ಉದ್ಘಾಟಿಸಲು ಯಾವ ಸಚಿವರೂ ಬರಲಿಲ್ಲ. ದೆಹಲಿಯಲ್ಲಿ ಅದು ಪರವಾನಗಿಯಿಲ್ಲದೆಯೇ ಓಡತೊಡಗಿತು. ಸುರಕ್ಷತೆಯ ಪ್ರಶ್ನೆ ಎದ್ದು 2014ರ ಜುಲೈಯಲ್ಲಿ ದೆಹಲಿ ಹೈಕೋರ್ಟ್ ಅದನ್ನು ನಿಷೇಧಿಸಿತು. ಅದೇ ವರ್ಷ ನಿಯಮಗಳು ರೂಪುಗೊಂಡವು. 2015ರಲ್ಲಿ ಸಂಸತ್ತು ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ಅದಕ್ಕೆ ಕಾನೂನಿನ ಸ್ಥಾನ ಕೊಟ್ಟಿತು. ಮೆಟ್ರೊ ನಿಲ್ದಾಣದಿಂದ ಮನೆಯ ಬಾಗಿಲಿನವರೆಗಿನ ಕೊನೆಯ ದೂರವನ್ನು ಅದು ಕಡಿಮೆ ದರದಲ್ಲಿ ಕ್ರಮಿಸುತ್ತದೆ, ಚಾಲಕನಿಗೊಂದು ಜೀವನೋಪಾಯ ಕೊಡುತ್ತದೆ. ಜನರ ಅಗತ್ಯ ಮೊದಲು ಬಂತು, ಕಾನೂನು ಏದುಸಿರು ಬಿಡುತ್ತ ಅದನ್ನು ಹಿಂಬಾಲಿಸಿತು. ನಮ್ಮ ಭವಿಷ್ಯದ ವಾಹನಗಳು ಹುಟ್ಟುವುದು ಬಹುಮಟ್ಟಿಗೆ ಹೀಗೆಯೇ.

ನಾನು ಹೊಸತನದ ವಿರೋಧಿಯಲ್ಲ. ಮದರಾಸಿನ ಐಐಟಿಯಲ್ಲಿ 400 ಮೀಟರಿಗೂ ಉದ್ದದ ಹೈಪರ್‌ಲೂಪ್ ಪರೀಕ್ಷಾ ಮಾರ್ಗ ಸಿದ್ಧವಾಗಿದೆ. ರೈಲ್ವೆ ಇಲಾಖೆ ಅದಕ್ಕೆ ನೆರವಾಗಿದೆ. ಆ ಖರ್ಚು ಸಾರ್ಥಕವೆಂದೇ ಹೇಳುತ್ತೇನೆ. ಅಲ್ಲಿ ಕಲಿತ ಎಂಜಿನಿಯರಿಂಗ್ ಬೇರೆಲ್ಲೋ ಫಲ ಕೊಟ್ಟೀತು. ಸಂಶೋಧನೆಗೆ ಸೋಲುವ ಹಕ್ಕಿದೆ. ಆದರೆ ದಿನನಿತ್ಯ ಲಕ್ಷಾಂತರ ಜನ ಅವಲಂಬಿಸಿರುವ ಸಾರಿಗೆ ನೀತಿಗೆ ಆ ಹಕ್ಕಿಲ್ಲ. ಪ್ರಯೋಗಾಲಯದ ಯೋಜನೆಯನ್ನು ನಗರ ಯೋಜನೆಯೆಂದು ಭ್ರಮಿಸುವುದೇ ಅಪಾಯ.

ಈ ಎಚ್ಚರ ಈಗ ಮತ್ತೆ ಬೇಕಾಗಿದೆ. 2024ರ ಅಕ್ಟೋಬರಿನಲ್ಲಿ, ನಗರದಿಂದ ವಿಮಾನ ನಿಲ್ದಾಣಕ್ಕೆ ವಿದ್ಯುತ್ ಹಾರುವ ಟ್ಯಾಕ್ಸಿ ತರುವ ಉದ್ದೇಶದಿಂದ ಬೆಂಗಳೂರಿನ ನವೋದ್ಯಮವೊಂದು ವಿಮಾನ ನಿಲ್ದಾಣ ಸಂಸ್ಥೆಯ ಜೊತೆ ಕೈಜೋಡಿಸಿತು. ಅದೇ ತಿಂಗಳಲ್ಲಿ ಜರ್ಮನಿಯ ಲಿಲಿಯಮ್, ಡಿಸೆಂಬರಿನಲ್ಲಿ ಅಲ್ಲಿಯದೇ ವೊಲೊಕಾಪ್ಟರ್ ದಿವಾಳಿಯ ಅರ್ಜಿ ಸಲ್ಲಿಸಿದವು. ವೊಲೊಕಾಪ್ಟರ್ 2024ರ ಪ್ಯಾರಿಸ್ ಒಲಿಂಪಿಕ್ಸ್ ವೇಳೆಗೆ ಪ್ರಯಾಣಿಕರನ್ನು ಹಾರಿಸುವ ಗುರಿ ಇಟ್ಟುಕೊಂಡಿತ್ತು, ಅದು ಈಡೇರಲಿಲ್ಲ. ನಮ್ಮ ಯುವ ಎಂಜಿನಿಯರುಗಳು ಎಲ್ಲಿ ಜರ್ಮನರು ಎಡವಿದರೋ ಅಲ್ಲಿ ಗೆಲ್ಲಲಿ ಎಂದು ಹಾರೈಸೋಣ. ಗೆದ್ದರೂ, ಒಮ್ಮೆಗೆ ಆರೇಳು ಜನರನ್ನು ಒಯ್ಯುವ ವಾಹನ ಒಂದು ಕೋಟಿಗೂ ಮೀರಿದ ಜನಸಂಖ್ಯೆಯ ನಗರದ ದಟ್ಟಣೆಯನ್ನು ತಗ್ಗಿಸದು. ಅದನ್ನು ತಲೆಯ ಮೇಲಿಂದ ದಾಟಿ ಹೋಗುವ ಸೌಕರ್ಯವನ್ನು ಕೆಲವರಿಗೆ ಮಾರುತ್ತದೆ, ಅಷ್ಟೆ.

ಉಳಿದವರ ಗತಿಯೇನು? ಬೆಂಗಳೂರಿನ ನಗರ ಸಾರಿಗೆ ಬಸ್ಸುಗಳಲ್ಲಿ ದಿನವೂ 40 ಲಕ್ಷದ ಆಸುಪಾಸು ಪ್ರಯಾಣಗಳು ನಡೆಯುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಮಹಿಳೆಯರ ಪ್ರಯಾಣ ಗಣನೀಯವಾಗಿ ಹೆಚ್ಚಿತು. ಮನೆಗೆಲಸದವರು, ಗಾರ್ಮೆಂಟ್ ಕಾರ್ಮಿಕರು, ವಿದ್ಯಾರ್ಥಿನಿಯರು ಹತ್ತಿದ ಆ ಬಸ್ಸು, ಒಬ್ಬೊಬ್ಬರೇ ಕುಳಿತ ಕಾರುಗಳ ಹಿಂದೆ ಸರತಿಯಲ್ಲಿ ನಿಲ್ಲುತ್ತದೆ. 2019ರ ಕೊನೆಯಲ್ಲಿ ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್ ಮತ್ತು ಕೆ.ಆರ್. ಪುರದ ನಡುವೆ ಬಸ್ಸುಗಳಿಗೆ ಪ್ರತ್ಯೇಕ ಪಥ ಕಲ್ಪಿಸಲಾಗಿತ್ತು. ಅದಕ್ಕೆ ಬೇಕಾದದ್ದು ಕೆಲವು ಕಂಬಗಳು, ಬಣ್ಣದ ಗೆರೆ, ಪೊಲೀಸರ ನಿಗಾ ಮಾತ್ರ. ಸಾಂಕ್ರಾಮಿಕ ಬಂತು, ಮೆಟ್ರೊ ಕಾಮಗಾರಿ ಬಂತು, ಪಥ ಅಳಿಸಿಹೋಯಿತು. ಅದನ್ನು ಉಳಿಸಿಕೊಳ್ಳಬೇಕೆಂದು ಹಟ ಹಿಡಿದವರು ವಿರಳ. ಏಕೆಂದರೆ ರಸ್ತೆಯ ಒಂದು ಪಾಲನ್ನು ಕಾರಿನವರಿಂದ ತೆಗೆದು ಬಸ್ಸಿನವರಿಗೆ ಕೊಡುವುದಕ್ಕೆ ತಂತ್ರಜ್ಞಾನ ಬೇಕಿಲ್ಲ. ಕಾರಿನವರ ಸಿಟ್ಟನ್ನು ತಡೆದುಕೊಳ್ಳುವ ಎದೆಗಾರಿಕೆ ಬೇಕು. ಈ ಪುಟವನ್ನು ಓದುವ ಬಹುಪಾಲು ನಾವು ಕಾರಿನವರೇ ಎಂಬುದನ್ನೂ ಇಲ್ಲಿ ನೆನೆಯುವುದು ಒಳ್ಳೆಯದು. ಹಾರುವ ಟ್ಯಾಕ್ಸಿಯ ಸುದ್ದಿ ನಮಗೆ ಪ್ರಿಯವಾಗಲು, ಅದು ನಮ್ಮಿಂದ ಏನನ್ನೂ ಬಿಟ್ಟುಕೊಡಲು ಕೇಳುವುದಿಲ್ಲವೆಂಬುದೂ ಒಂದು ಕಾರಣ.

ಹೊಸ ವಾಹನದ ಯಾವುದೇ ಪ್ರಸ್ತಾವಕ್ಕೆ ಸರ್ಕಾರ ಅಂಕಿತ ಹಾಕುವ ಮುನ್ನ ಅದರ ಕಡತದಲ್ಲಿ ಎರಡು ಅಂಕಿಗಳನ್ನು ಕಡ್ಡಾಯಗೊಳಿಸಬೇಕು: ದಟ್ಟಣೆಯ ವೇಳೆ ಗಂಟೆಗೆ ಅದು ಒಯ್ಯುವ ಜನರ ಸಂಖ್ಯೆ, ಮತ್ತು ಅದೇ ಮಾರ್ಗದಲ್ಲಿ ಬಸ್ಸು ಅಥವಾ ರೈಲು ಒಯ್ಯಬಲ್ಲ ಜನರ ಸಂಖ್ಯೆ. ಎರಡನ್ನೂ ಸಾರ್ವಜನಿಕರ ಮುಂದಿಡಬೇಕು. ಅಲ್ಲಿಯವರೆಗೆ, ದೇವನಹಳ್ಳಿಯ ಹಳಿಯ ಮೇಲೆ ಇನ್ನಷ್ಟು ರೈಲುಗಳನ್ನು ಓಡಿಸುವುದಕ್ಕೂ, ಅಳಿಸಿಹೋದ ಬಸ್ಸಿನ ಪಥವನ್ನು ಮತ್ತೆ ಬರೆಯುವುದಕ್ಕೂ ಹೊಸ ಆವಿಷ್ಕಾರವೇನೂ ಬೇಕಿಲ್ಲ. ಆದೇಶವೊಂದು ಹೊರಟರೆ ಸಾಕು.