ನಾದಸ್ನಾನವೂ ಕೇಳುವ ಕಿವಿಯೂ

ಕ್ರಿಸ್ಮಸ್ ರಜೆಗೆಂದು ಊರಿಗೆ ಬಂದಿದ್ದ ಕಾರ್ಕಳದ ಕಡೆಯ ಹುಡುಗಿಯೊಬ್ಬಳು ನನ್ನನ್ನು ಕಾಣಲು ಬಂದಿದ್ದಳು. ದೂರದ ನಗರದ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಾಳೆ. ಪರೀಕ್ಷೆಗೆ ಮುನ್ನ ಅಲ್ಲಿ ಒತ್ತಡ ನಿವಾರಣೆಗೆಂದು 'ಸೌಂಡ್ ಬಾತ್' ಏರ್ಪಡಿಸಿದ್ದರಂತೆ. "ಚಾಪೆಯ ಮೇಲೆ ಮಲಗಿಸಿದರು ಫಾದರ್, ದೀಪ ಆರಿಸಿದರು, ಒಂದು ಗಂಟೆ ಕಂಚಿನ ಬಟ್ಟಲು ನುಡಿಸಿದರು. ಹಿತವಾಗಿತ್ತು" ಎಂದಳು. ಆಮೇಲೆ ಏನಾಯಿತೆಂದು ಕೇಳಿದೆ. "ಏನಿಲ್ಲ, ಚಾಪೆ ಮಡಚಿಟ್ಟು ರೂಮಿಗೆ ಹೋದೆವು. ಎರಡು ತಿಂಗಳಿಂದ ನಿದ್ದೆಯಿಲ್ಲ ಎಂದು ಯಾರಿಗಾದರೂ ಹೇಳಬೇಕು ಅಂತಿದ್ದೆ. ಅಲ್ಲಿ ಯಾರೂ ಇರಲಿಲ್ಲ."

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವಳ ಆ ಕೊನೆಯ ಮಾತೇ ನನ್ನ ತಕರಾರಿನ ಮೂಲ.

ಗುರುವಾದ ನಾನು ಈ ಬಟ್ಟಲುಗಳನ್ನು ಅನ್ಯಧರ್ಮದ ಆಚರಣೆಯೆಂದು ಖಂಡಿಸುವೆನೆಂದು ಕೆಲವರು ನಿರೀಕ್ಷಿಸಬಹುದು. ಅದು ನನ್ನ ಜಗಳವಲ್ಲ. ಪ್ರಾಚೀನ ಟಿಬೆಟ್ಟಿನ ವಿದ್ಯೆಯೆಂಬ ಹೆಗ್ಗಳಿಕೆಯೂ ಹೆಚ್ಚು ಹಳೆಯದಲ್ಲ. ಪಾಶ್ಚಾತ್ಯರಲ್ಲಿ ಈ ನಾದಕ್ಕೆ ಪ್ರಚಾರ ದೊರೆತದ್ದು 1972ರ 'ಟಿಬೆಟನ್ ಬೆಲ್ಸ್' ಎಂಬ ಧ್ವನಿಮುದ್ರಿಕೆಯ ನಂತರ. ನಾದದಿಂದ ಮನಸ್ಸು ತಿಳಿಯಾಗುವುದು ಸುಳ್ಳೆಂದೂ ನಾನು ಹೇಳಲಾರೆ. 2017ರಲ್ಲಿ ಸ್ಯಾನ್ ಡಿಯಾಗೊದ ಸಂಶೋಧಕರು 62 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ ಉದ್ವೇಗ ಇಳಿದದ್ದು ಕಂಡುಬಂದಿದೆ. ಆದರೆ ಹೋಲಿಕೆಗೆ ಬೇರೊಂದು ಗುಂಪು ಅಲ್ಲಿರಲಿಲ್ಲ. ಸುಮ್ಮನೆ ಒಂದು ಗಂಟೆ ಮಲಗಿದ್ದರೆ ಎಷ್ಟು ಇಳಿಯುತ್ತಿತ್ತು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ನಮ್ಮ ಬೈಬಲ್ಲೇ ಇದಕ್ಕೆ ಸಾಕ್ಷಿ. ಅರಸ ಸೌಲನ ಮನಸ್ಸು ಕದಡಿದಾಗ ದಾವೀದನು ಕಿನ್ನರಿ ನುಡಿಸುತ್ತಿದ್ದ. ಅರಸನಿಗೆ ಉಪಶಮನ ದೊರೆಯುತ್ತಿತ್ತು. ಸಮುವೇಲನ ಮೊದಲ ಗ್ರಂಥದಲ್ಲಿ ಮುಂದೆ ಓದಿರಿ: ಅದೇ ಕಿನ್ನರಿ ನುಡಿಯುತ್ತಿರುವಾಗಲೇ ಸೌಲನು ದಾವೀದನತ್ತ ಭರ್ಜಿ ಎಸೆದ. ನಾದ ಅವನ ಸಂಜೆಗಳನ್ನು ಶಾಂತಗೊಳಿಸಿತು. ಒಳಗಿನ ಅಸೂಯೆಯನ್ನೂ ಭಯವನ್ನೂ ಮಾತ್ರ ಯಾರೂ ವಿಚಾರಿಸಲಿಲ್ಲ.

ಇಂದಿನ ಕ್ಯಾಂಪಸ್ಸಿನಲ್ಲಿ ನಡೆಯುತ್ತಿರುವುದೂ ಇದೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2023ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,892. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ವಿದ್ಯಾಸಂಸ್ಥೆಯಲ್ಲೂ ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ವಿಧಿಸಿತು. ಆಪ್ತಸಮಾಲೋಚಕರೆಂದರೆ ವರ್ಷವಿಡೀ ಸಂಬಳ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಗುಟ್ಟು ಕಾಯುವ ವ್ಯವಸ್ಥೆ. ನಾದಸ್ನಾನಕ್ಕಾದರೆ ಒಂದು ಸಂಜೆ ಸಾಕು. ಚಂದದ ಛಾಯಾಚಿತ್ರವೂ ದೊರೆಯುತ್ತದೆ. ಹಾಜರಾತಿಯ ನಿಯಮ ಸಡಿಲಿಸಬೇಕಿಲ್ಲ, ವಾರದಲ್ಲಿ ಮೂರು ಪರೀಕ್ಷೆಗಳನ್ನು ತುರುಕುವ ವೇಳಾಪಟ್ಟಿಯನ್ನು ಮುಟ್ಟಬೇಕಿಲ್ಲ. ಒತ್ತಡವೆಂಬುದು ಮಗುವಿನ ಮೈಯಲ್ಲಿ ಹುಟ್ಟಿದ ರೋಗವೆಂಬಂತೆ ಬಟ್ಟಲು ತಟ್ಟಿ ಕಳುಹಿಸಿದರಾಯಿತು! ಮಕ್ಕಳಿಗೆ ಏನನ್ನಾದರೂ ಕೇಳಿಸುವುದು ಸುಲಭ, ಮಕ್ಕಳನ್ನು ಕೇಳುವುದು ದುಬಾರಿ.

ಹಾಗೆಂದು ಕಾಲೇಜುಗಳನ್ನಷ್ಟೇ ದೂರಿದರೆ ನಾವು ತಪ್ಪಿಸಿಕೊಂಡಂತಾಗುತ್ತದೆ. ಕಾಪುವಿನ ಕಡಲತೀರದಿಂದ ಕಾರ್ಕಳದ ಬಂಡೆಗಳವರೆಗೆ ನಮ್ಮ ಎಷ್ಟೋ ಮನೆಗಳಿಂದ ಮಕ್ಕಳು ಮಣಿಪಾಲದ ಗುಡ್ಡಕ್ಕೋ ಅದರಾಚೆಗೋ ಓದಲು ಹೋಗುತ್ತಾರೆ. ಸಂಜೆಯ ಫೋನಿನಲ್ಲಿ ನಾವು ಕೇಳುವುದೇನು? ಊಟ ಆಯಿತೇ, ಇಂಟರ್ನಲ್ಸ್‌ನಲ್ಲಿ ಎಷ್ಟು ಬಂತು, ಭಾನುವಾರ ಪೂಜೆಗೆ ಹೋದೆಯಾ. ಉತ್ತರಕ್ಕೆ ಕಾಯುವಷ್ಟು ವ್ಯವಧಾನವೂ ನಮಗಿಲ್ಲ. ಮಣಿಪಾಲದಲ್ಲಿ 1953ರಲ್ಲಿ ಆರಂಭವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಉಡುಪಿಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಿದೆ. 2022ರಿಂದ ಸರಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಇದೆ. ಆದರೂ ಆ ಬಾಗಿಲಿಗೆ ಹೋಗುವಾಗ ನೆರೆಯವರು ಕಂಡಾರೆಂದು ಮುಖ ಮರೆಸುವವರು ನಮ್ಮಲ್ಲೇ ಇದ್ದಾರೆ. ಗುರುಗಳಾದ ನಾವೂ ಕಡಿಮೆಯವರಲ್ಲ. ಪಾಪನಿವೇದನೆಯ ಸಾಲು ಉದ್ದವಾದಾಗ ಗಡಿಯಾರ ನೋಡಿಕೊಂಡ ದಿನಗಳು ನನಗೂ ನೆನಪಿವೆ.

ಕಂಚಿನ ನಾದ ನಮಗೆ ಹೊಸದೇ? ಹಿಂದೆ ಇಗರ್ಜಿಯ ಮರಣಗಂಟೆ ನಿಧಾನವಾಗಿ ಬಾರಿಸಿದರೆ ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು "ಯಾರ ಮನೆ?" ಎಂದು ವಿಚಾರಿಸಿ ಅಲ್ಲಿಗೆ ನಡೆಯುತ್ತಿದ್ದರು. ನಾದ ಮುಗಿದ ಮೇಲೆ ಅಂಗಳದಲ್ಲಿ ಜನ ಸೇರುತ್ತಿದ್ದರು. ಬಟ್ಟಲಿನ ನಾದ ಮುಗಿದ ಮೇಲೆ ಆ ಹುಡುಗಿ ಒಬ್ಬಳೇ ರೂಮಿಗೆ ಹೋದಳು.

ಆ ದಿನ ಅವಳು ಒಂದೂವರೆ ಗಂಟೆ ಮಾತನಾಡಿದಳು. ಮನೆಯಲ್ಲಿ ಹೇಳಿದ್ದೀಯಾ ಎಂದರೆ, "ಅಮ್ಮ ಹೆದರುತ್ತಾರೆ" ಎಂದಳು. ಅತ್ತೂರಿನ ಜಾತ್ರೆಗೆ ಮುನ್ನವೇ ಆ ತಾಯಿ ಮಗಳನ್ನು ವೈದ್ಯರಲ್ಲಿಗೆ ಕರೆದೊಯ್ದರು, ಹೆದರಲಿಲ್ಲ.

ಮುಂದಿನ ವರ್ಷ ಮಕ್ಕಳನ್ನು ಕಾಲೇಜಿಗೆ ಸೇರಿಸಹೊರಟ ತಂದೆತಾಯಂದಿರೇ, ಹಾಸ್ಟೆಲ್ ಶುಲ್ಕ ವಿಚಾರಿಸುವಾಗ ಇದನ್ನೂ ಕೇಳಿರಿ: ಇಲ್ಲಿ ಆಪ್ತಸಮಾಲೋಚಕರು ಎಷ್ಟು ಮಂದಿ? ಅವರ ಕೋಣೆ ಎಲ್ಲಿದೆ? ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ?